ಒಪ್ಪಿಕೊಂಡ ಸೀಟನ್ನು ಬಿಡಬಹುದಾ? ಅಮೆರಿಕದ ಎಂಎಸ್, ಪಿಎಚ್‌ಡಿ ಮತ್ತು ಏಪ್ರಿಲ್ 15ರ ಲೆಕ್ಕ

ಏಪ್ರಿಲ್ ಎರಡನೇ ವಾರ ಬಂತೆಂದರೆ ರಾತ್ರಿ ಹೊತ್ತು ನನ್ನ ಫೋನ್ ರಿಂಗಾಗಲು ಶುರುವಾಗುತ್ತದೆ. ನಾನು ಹಾಸನದ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೊರದೇಶಕ್ಕೆ ಓದಲು ಹೊರಟ ಮಕ್ಕಳಿಗೆ ಶಿಫಾರಸು ಪತ್ರ ಬರೆದುಕೊಡುತ್ತೇನೆ. ಹಾಗಾಗಿ ಅವರ ಖುಷಿಯೂ ಗೊತ್ತಾಗುತ್ತದೆ, ಗಾಬರಿಯೂ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ಒಬ್ಬ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದ್ದಳು. ಅವತ್ತು ಏಪ್ರಿಲ್ 9. ಅಮೆರಿಕದ ಒಂದು ವಿಶ್ವವಿದ್ಯಾಲಯದ ಪಿಎಚ್‌ಡಿ ಸೀಟನ್ನು ಮಾರ್ಚ್‌ನಲ್ಲೇ ಒಪ್ಪಿಕೊಂಡಿದ್ದಳು. ಮನೆಯಲ್ಲಿ ಸಿಹಿ ಹಂಚಿಯಾಗಿತ್ತು. ಈಗ ಅವಳಿಗೆ ಮೊದಲಿನಿಂದ ಬೇಕಾಗಿದ್ದ ಇನ್ನೊಂದು ಕಡೆಯಿಂದ ಆಫರ್ ಬಂದಿತ್ತು. "ಸರ್, ನಾನು ತಪ್ಪು ಮಾಡಿಬಿಟ್ಟೆನಾ?" ಅಂತ ಕೇಳುತ್ತಿದ್ದಳು. ಹಿಂದಿನಿಂದ ಅವಳ ಅಪ್ಪನ ಧ್ವನಿ ಕೇಳಿಸುತ್ತಿತ್ತು. "ತಾಂಬೂಲ ಬದಲಾಯಿಸಿಕೊಂಡ ಮೇಲೆ ಸಂಬಂಧ ಬೇಡ ಅನ್ನೋಕಾಗುತ್ತೇನಮ್ಮ?"

ಆ ಅಪ್ಪನ ಮಾತು ನನಗೆ ಇಷ್ಟವಾಯಿತು. ಕೊಟ್ಟ ಮಾತಿಗೆ ಬೆಲೆ ಇರಬೇಕು ಅನ್ನುವ ಮನೆ ಅದು. ಆದರೆ ಸೀಟು ಒಪ್ಪಿಕೊಳ್ಳುವುದಕ್ಕೆ ತಾಂಬೂಲದ ಹೋಲಿಕೆ ಅಷ್ಟು ಸರಿಹೋಗುವುದಿಲ್ಲ. ರೈಲು ಟಿಕೆಟ್ ಹೆಚ್ಚು ಹತ್ತಿರದ್ದು. ನಿಮ್ಮ ಹತ್ತಿರ ಕನ್ಫರ್ಮ್ ಆದ ಟಿಕೆಟ್ ಇದೆ. ನಿಮ್ಮ ಹಿಂದೆ ವೇಟಿಂಗ್ ಲಿಸ್ಟಿನಲ್ಲಿ ಜನ ಇದ್ದಾರೆ. ಚಾರ್ಟ್ ತಯಾರಾಗುವ ಮುಂಚೆ ನೀವು ಕ್ಯಾನ್ಸಲ್ ಮಾಡಿದರೆ ಅವರಲ್ಲಿ ಒಬ್ಬರಿಗೆ ಬರ್ತ್ ಸಿಗುತ್ತದೆ. ಸುಮ್ನೆ ಮನೆಯಲ್ಲೇ ಕೂತುಬಿಟ್ಟರೆ ಬೇಗ ಹೇಳಿದ್ದರೆ ಅವರಿಗೆ ಸಿಗಬಹುದಾಗಿದ್ದ ಜಾಗವನ್ನು ನೀವೇ ತಡೆದು ಹಿಡಿದ ಹಾಗೆ. ಪ್ರಯಾಣ ರದ್ದು ಮಾಡುವುದು ತಪ್ಪಲ್ಲ. ಹೇಳದೇ ಇರುವುದು ತಪ್ಪು.

ಅಮೆರಿಕದ ಪಿಎಚ್‌ಡಿ ಸೀಟುಗಳ ಮಟ್ಟಿಗೆ ಆ ಚಾರ್ಟ್ ತಯಾರಾಗುವ ದಿನ ಏಪ್ರಿಲ್ 15.

ಏಪ್ರಿಲ್ 15 ಅಂದರೆ ಏನು

ವಾಷಿಂಗ್ಟನ್‌ನಲ್ಲಿ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅನ್ನುವ ಒಂದು ಒಕ್ಕೂಟ ಇದೆ. ಸ್ನಾತಕೋತ್ತರ ಓದು ಮತ್ತು ಸಂಶೋಧನೆ ನಡೆಸುವ ವಿಶ್ವವಿದ್ಯಾಲಯಗಳು ಅದರ ಸದಸ್ಯರು. ಅವು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿವೆ. ಅದನ್ನು ಎಲ್ಲರೂ ಏಪ್ರಿಲ್ 15ರ ನಿರ್ಣಯ ಎಂದೇ ಕರೆಯುತ್ತಾರೆ. ನೂರಾರು ವಿಶ್ವವಿದ್ಯಾಲಯಗಳು ಅದಕ್ಕೆ ಸಹಿ ಹಾಕಿವೆ. ಯಾವ ಯಾವವು ಅನ್ನುವ ಪಟ್ಟಿ ಒಕ್ಕೂಟದ ವೆಬ್‌ಸೈಟಿನಲ್ಲೇ ಇದೆ. ನಿಮ್ಮದು ಅದರಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ನಿರ್ಣಯದ ತಿರುಳು ಹೀಗಿದೆ. ಹಣಕಾಸಿನ ನೆರವು ಇರುವ ಆಫರ್‌ಗೆ ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರ ಕೊಡಲೇಬೇಕು ಅಂತ ವಿದ್ಯಾರ್ಥಿಯನ್ನು ಒತ್ತಾಯಿಸಬಾರದು. ಮುಂಚೆಯೇ ಒಪ್ಪಿಕೊಂಡಿದ್ದರೂ ಏಪ್ರಿಲ್ 15ರವರೆಗೆ ಬರಹದಲ್ಲಿ ತಿಳಿಸಿ ಹಿಂದೆ ಸರಿಯಬಹುದು. ಕಾರಣ ಕೊಡಬೇಕೆಂದೂ ಇಲ್ಲ. ಆಫರ್ ಪತ್ರದ ಜೊತೆ ಈ ನಿರ್ಣಯದ ಪ್ರತಿಯನ್ನೋ ಕೊಂಡಿಯನ್ನೋ ಕಳಿಸಬೇಕು ಅಂತಲೂ ಅದರಲ್ಲಿದೆ. ಹಾಗಾಗಿ ಆಫರ್ ಪತ್ರವನ್ನು ಕೊನೆಯ ಸಾಲಿನವರೆಗೂ ಓದಿ. ಖುಷಿಯಲ್ಲಿ ಮೊದಲ ಪ್ಯಾರಾ ಓದಿ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸುವವರೇ ಜಾಸ್ತಿ. ಷರತ್ತುಗಳೆಲ್ಲ ಇರುವುದು ಕೆಳಗಡೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ನಿರ್ಣಯ ಅನ್ವಯಿಸುವುದು ಹಣ ಬರುವ ಆಫರ್‌ಗಳಿಗೆ ಮಾತ್ರ. ಫೆಲೋಶಿಪ್, ಟೀಚಿಂಗ್ ಅಸಿಸ್ಟೆಂಟ್, ರಿಸರ್ಚ್ ಅಸಿಸ್ಟೆಂಟ್, ಸ್ಕಾಲರ್‌ಶಿಪ್ ಇಂಥವು. ಪಿಎಚ್‌ಡಿ ಆಫರ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುತ್ತದೆ. ನಮ್ಮ ಹೆಚ್ಚಿನ ಮಕ್ಕಳು ಹೋಗುವುದು ಎಂಎಸ್‌ಗೆ, ಅದೂ ಸ್ವಂತ ದುಡ್ಡಿನಲ್ಲೋ ಸಾಲದಲ್ಲೋ. ಅವರಿಗೆ ಈ ನಿರ್ಣಯದ ರಕ್ಷಣೆ ಇಲ್ಲ. ಅಲ್ಲಿ ವಿಶ್ವವಿದ್ಯಾಲಯ ಯಾವ ದಿನಾಂಕ ಕೊಡುತ್ತದೋ ಅದೇ ದಿನಾಂಕ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಸಿಇಟಿ ಕೌನ್ಸೆಲಿಂಗ್ ನೋಡಿದವರಿಗೆ ಇದು ಹೊಸದೇನಲ್ಲ. ಕೆಇಎ ಸೀಟು ಕೊಟ್ಟಾಗ ನಾಲ್ಕು ಚಾಯ್ಸ್ ಇರುತ್ತವಲ್ಲ. ಚಾಯ್ಸ್ 1 ಅಂದರೆ ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಇನ್ನೂ ಒಳ್ಳೆಯದು ಸಿಗುತ್ತದಾ ನೋಡುತ್ತೇನೆ. ಏಪ್ರಿಲ್ 15ರವರೆಗೆ ನೀವು ಕೊಟ್ಟ ಒಪ್ಪಿಗೆ ಹೆಚ್ಚೂಕಮ್ಮಿ ಚಾಯ್ಸ್ 2 ಇದ್ದ ಹಾಗೆ. ಆ ದಿನ ಕಳೆದರೆ ಅದು ಚಾಯ್ಸ್ 1 ಆಗುತ್ತದೆ. ವ್ಯತ್ಯಾಸ ಇಷ್ಟೇ. ಕೆಇಎಯಲ್ಲಿ ಮೇಲಿನ ಸೀಟು ಸಿಕ್ಕ ಕೂಡಲೇ ಕೆಳಗಿನದನ್ನು ಕಂಪ್ಯೂಟರೇ ಬಿಡಿಸಿ ಇನ್ನೊಬ್ಬರಿಗೆ ಕೊಡುತ್ತದೆ. ಅಮೆರಿಕದಲ್ಲಿ ಆ ಕೆಲಸವನ್ನು ನೀವೇ ಮಾಡಬೇಕು. ಇಬ್ಬರಿಗೂ ನೀವೇ ಇಮೇಲ್ ಬರೆಯಬೇಕು.

ಗಡಿಯಾರದ ವಿಷಯವನ್ನೂ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ ಇರುತ್ತದೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ಗಂಟೆ ಹಿಂದೆ. ನ್ಯೂಯಾರ್ಕಿನಲ್ಲಿ ಏಪ್ರಿಲ್ 15ರ ಸಂಜೆ 5 ಅಂದರೆ ನಮ್ಮಲ್ಲಿ 16ರ ನಸುಕು 2.30. ಕೊನೆಯ ಗಂಟೆವರೆಗೂ ಕಾಯಬಹುದು ಅಂತ ಇದರ ಅರ್ಥವಲ್ಲ. ನೀವು 10ನೇ ತಾರೀಕಿಗೇ ಬಿಟ್ಟರೆ ವೇಟಿಂಗ್ ಲಿಸ್ಟಿನ ಮುಂದಿನವರಿಗೆ ಯೋಚಿಸಲು ಐದು ದಿನ ಸಿಗುತ್ತದೆ. 15ರ ಸಂಜೆ ಬಿಟ್ಟರೆ ಅವರಿಗೆ ಏನೂ ಸಿಗುವುದಿಲ್ಲ. ಅಷ್ಟು ಹೊತ್ತಿಗೆ ಅವರು ಬೇರೆ ಕಡೆ ಒಪ್ಪಿಕೊಂಡಿರುತ್ತಾರೆ.

ಆ ಹುಡುಗಿಗೆ ಇನ್ನೂ ಆರು ದಿನ ಇತ್ತು. "ಹೊಸ ಆಫರ್ ಪತ್ರ ನಿನ್ನ ಕೈಯಲ್ಲಿ ಬರಹದಲ್ಲಿ ಇದೆಯಾ?" ಎಂದು ಕೇಳಿದೆ. ಇಲ್ಲ, ಪ್ರೊಫೆಸರ್ ಫೋನಿನಲ್ಲಿ ಹೇಳಿದ್ದಾರೆ ಅಂದಳು. ಹಾಗಾದರೆ ಇವತ್ತು ರಾತ್ರಿ ಏನೂ ಮಾಡಬೇಡ ಅಂದೆ. ಪ್ರೊಫೆಸರ್‌ಗೆ ನೀವು ಬೇಕು ಅನಿಸಿರಬಹುದು. ಆದರೆ ಸೀಟು ಕೊಡುವುದು ವಿಭಾಗ ಮತ್ತು ಗ್ರಾಜುಯೇಟ್ ಸ್ಕೂಲ್. ಸ್ಟೈಪೆಂಡ್ ಎಷ್ಟು, ಎಷ್ಟು ವರ್ಷ, ಬೋಧನಾ ಶುಲ್ಕ ಮನ್ನಾ ಇದೆಯಾ ಇವೆಲ್ಲ ಬರೆದಿರುವ ಅಧಿಕೃತ ಪತ್ರ ಕೈಗೆ ಬರುವವರೆಗೆ ಇರುವುದನ್ನು ಬಿಡಬಾರದು. ಎರಡು ದಿನದಲ್ಲಿ ಪತ್ರ ಬಂತು.

15 ಕಳೆದ ಮೇಲೆ

ಮನಸ್ಸು ಕ್ಯಾಲೆಂಡರ್ ನೋಡಿ ಬದಲಾಗುವುದಿಲ್ಲ. ಮೇ ತಿಂಗಳಲ್ಲಿ ಅಪ್ಪನಿಗೆ ಹುಷಾರು ತಪ್ಪಬಹುದು. ಕೈಯಲ್ಲಿರುವ ಕೆಲಸದಲ್ಲೇ ಒಳ್ಳೆಯ ಅವಕಾಶ ಸಿಗಬಹುದು. ವೇಟಿಂಗ್ ಲಿಸ್ಟಿನಲ್ಲಿದ್ದ ಕಡೆಯಿಂದ ಕರೆ ಬರಬಹುದು. ಆಗ ಏನು?

ಹಳೆಯ ನಿಯಮ ಬಿಗಿಯಾಗಿತ್ತು. ಏಪ್ರಿಲ್ 15ರ ನಂತರ ಬೇರೆ ಆಫರ್ ಒಪ್ಪಬೇಕಾದರೆ ಮೊದಲಿನ ವಿಶ್ವವಿದ್ಯಾಲಯದಿಂದ ಬಿಡುಗಡೆ ಪತ್ರ ತರಬೇಕಿತ್ತು. ಈ ಷರತ್ತನ್ನು ಈಗ ನಿರ್ಣಯದಿಂದ ತೆಗೆದಿದ್ದಾರೆ. ಬಿಡುಗಡೆ ಪತ್ರ ಬೇಕಿಲ್ಲ. ಬರುವುದಿಲ್ಲ ಎಂದು ಬರಹದಲ್ಲಿ ತಿಳಿಸಿದರೆ ಸಾಕು. ಆದರೆ ಹಳೆಯ ನಿಯಮ ಓದಿಕೊಂಡ ಸೀನಿಯರ್‌ಗಳು ಇನ್ನೂ ಅದನ್ನೇ ಹೇಳುತ್ತಿರುತ್ತಾರೆ. ಅದನ್ನು ನಂಬಿ "ಬಿಡುಗಡೆ ಕೊಡದಿದ್ದರೆ ಏನು ಗತಿ" ಅಂತ ಎಷ್ಟೋ ಮಕ್ಕಳು ಹೆದರಿ ಸುಮ್ಮನಿದ್ದುಬಿಡುತ್ತಾರೆ. ಹೆದರಬೇಕಾಗಿಲ್ಲ. ಬರುವುದಿಲ್ಲ ಅಂದ ಮಾತ್ರಕ್ಕೆ ಯಾರೂ ನಿಮ್ಮನ್ನು ಕೋರ್ಟಿಗೆ ಎಳೆಯುವುದಿಲ್ಲ.

ನಿಯಮ ಸಡಿಲವಾಯಿತು ಅಂದರೆ ತೊಂದರೆ ಕಡಿಮೆಯಾಯಿತು ಅಂತಲ್ಲ. ಅಲ್ಲಿ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಒಂದು ಪಿಎಚ್‌ಡಿ ವಿಭಾಗ ವರ್ಷಕ್ಕೆ ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು ಜನರನ್ನು. ಪ್ರತಿಯೊಬ್ಬರ ಹಿಂದೆಯೂ ಐದಾರು ವರ್ಷದ ಖರ್ಚಿನ ಲೆಕ್ಕ ಇರುತ್ತದೆ. ಒಬ್ಬ ಪ್ರೊಫೆಸರ್ ತಮ್ಮ ಸಂಶೋಧನಾ ಅನುದಾನದಲ್ಲಿ ಒಬ್ಬರಿಗಾಗಿ ಹಣ ಎತ್ತಿಟ್ಟಿರುತ್ತಾರೆ. ಸೆಪ್ಟೆಂಬರ್‌ನಲ್ಲಿ ಯಾವ ತರಗತಿಗೆ ಯಾರು ಟೀಚಿಂಗ್ ಅಸಿಸ್ಟೆಂಟ್ ಅಂತ ಹಂಚಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ನೀವು ಬಿಟ್ಟರೆ ಅದು ಇನ್ನೊಬ್ಬರಿಗೆ ಹೋಗುತ್ತದೆ. ಜುಲೈನಲ್ಲಿ ಬಿಟ್ಟರೆ ಆ ಜಾಗ ಆ ವರ್ಷ ಖಾಲಿಯೇ ಉಳಿಯುವ ಸಾಧ್ಯತೆ ಹೆಚ್ಚು. ಅದೇ ಸೀಟಿಗೆ ಕಾದು ಕೂತು, ಕೊನೆಗೆ ಇಲ್ಲ ಅನ್ನಿಸಿಕೊಂಡ ಹುಡುಗನೋ ಹುಡುಗಿಯೋ ಧಾರವಾಡದಲ್ಲಿಯೇ ಇರಬಹುದು, ಢಾಕಾದಲ್ಲಿಯೂ ಇರಬಹುದು.

ಅದಕ್ಕೇ ನನಗೆ ಎರಡು ಕಡೆ ಒಪ್ಪಿಕೊಂಡು ಇಟ್ಟುಕೊಳ್ಳುವುದನ್ನು ಕಂಡರೆ ಆಗುವುದಿಲ್ಲ. "ವೀಸಾ ಆಗೋವರೆಗೂ ಎರಡೂ ಇರಲಿ ಬಿಡಿ" ಅಂತ ಕೆಲವು ಕನ್ಸಲ್ಟೆನ್ಸಿಯವರು ಹೇಳಿಕೊಡುತ್ತಾರೆ. ಮನಸ್ಸು ಬದಲಾಗುವುದು ಬೇರೆ, ಮೊದಲೇ ಎರಡು ಮನಸ್ಸು ಇಟ್ಟುಕೊಂಡು ಎರಡು ಕಡೆ ಹೂಂ ಅನ್ನುವುದು ಬೇರೆ. ಎರಡನೆಯದನ್ನು ಮಾಡಬೇಡಿ.

ಮಾತು ಬದಲಿಸುವವರು ವಿದ್ಯಾರ್ಥಿಗಳು ಮಾತ್ರ ಅಲ್ಲ ಅನ್ನುವುದನ್ನೂ ಹೇಳಬೇಕು. 2025ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರದ ಸಂಶೋಧನಾ ಅನುದಾನ ಬರುತ್ತದೋ ಇಲ್ಲವೋ ಅನ್ನುವ ಸ್ಥಿತಿ ಬಂದಾಗ, ಯುಮಾಸ್ ಚಾನ್ ಮೆಡಿಕಲ್ ಸ್ಕೂಲ್ ಆ ವರ್ಷದ ಬಯೋಮೆಡಿಕಲ್ ಪಿಎಚ್‌ಡಿಗೆ ಕೊಟ್ಟಿದ್ದ ತಾತ್ಕಾಲಿಕ ಆಫರ್‌ಗಳನ್ನು ವಾಪಸ್ ತೆಗೆದುಕೊಂಡಿತು. ಬೇರೆ ಕೆಲವು ವಿಶ್ವವಿದ್ಯಾಲಯಗಳೂ ಸೀಟು ಕಡಿಮೆ ಮಾಡಿದವು. ಆ ಮಕ್ಕಳ ತಪ್ಪು ಏನೂ ಇರಲಿಲ್ಲ. ಹಾಗಾಗಿ ಒಪ್ಪಿಕೊಂಡಾಯ್ತು, ಇನ್ನು ನಿಶ್ಚಿಂತೆ ಅಂತ ಉಳಿದ ಕಡೆ ಹಾಕಿದ ಅರ್ಜಿಗಳ ಇಮೇಲ್, ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹಾಕಬೇಡಿ. ವಿಮಾನ ಹತ್ತುವವರೆಗೂ ಇಟ್ಟುಕೊಳ್ಳಿ.

ಸ್ವಂತ ದುಡ್ಡಿನ ಎಂಎಸ್

ಇಲ್ಲಿ ಲೆಕ್ಕ ನೇರ. ಒಪ್ಪಿಗೆ ಕೊಡುವಾಗ ವಿಶ್ವವಿದ್ಯಾಲಯ ಒಂದು ಠೇವಣಿ ಕೇಳಬಹುದು. ಕೆಲವು ಕಡೆ ಕೆಲವು ನೂರು ಡಾಲರ್, ಕೆಲವು ಕಡೆ ಸಾವಿರ ದಾಟುತ್ತದೆ. ಬಹಳಷ್ಟು ಕಡೆ ಅದು ವಾಪಸ್ ಬರುವುದಿಲ್ಲ. ವೀಸಾ ಸಿಗದಿದ್ದರೆ ಮಾತ್ರ ವಾಪಸ್ ಕೊಡುವವರೂ ಇದ್ದಾರೆ. ಮನಸ್ಸು ಬದಲಾಯಿಸಿದರೆ ಆ ಹಣ ಹೋಯಿತು ಅಂತಲೇ ಲೆಕ್ಕ ಹಾಕಿ.

ಇಲ್ಲಿ ತಂದೆ ತಾಯಂದಿರು ಒಂದು ತಪ್ಪು ಮಾಡುತ್ತಾರೆ. "ಆಗಲೇ ಅಷ್ಟು ಕಟ್ಟಿಬಿಟ್ಟಿದ್ದೀವಿ, ಅಲ್ಲಿಗೇ ಹೋಗು" ಅನ್ನುತ್ತಾರೆ. ಕಟ್ಟಿದ್ದು ಐವತ್ತು ಸಾವಿರ ರೂಪಾಯಿ ಇರಬಹುದು. ಮುಂದೆ ಆಗುವ ಖರ್ಚು ನಲವತ್ತೋ ಐವತ್ತೋ ಲಕ್ಷ. ಐವತ್ತು ಸಾವಿರ ಉಳಿಸಲು ಹೋಗಿ ಬೇಡದ ಕೋರ್ಸಿಗೆ ಐವತ್ತು ಲಕ್ಷ ಸುರಿಯುವುದು ಯಾವ ನ್ಯಾಯ? ಠೇವಣಿ ಹೋದ ನೋವು ಒಂದು ತಿಂಗಳು ಇರುತ್ತದೆ. ಸಾಲದ ಕಂತು ಹತ್ತು ವರ್ಷ ಇರುತ್ತದೆ.

ಸಾಲದ ಮಾತು ಬಂತು. ಬ್ಯಾಂಕಿನವರು ಸಾಲ ಮಂಜೂರು ಮಾಡುವುದು ನಿಮ್ಮ ಹೆಸರಿಗೆ ಮಾತ್ರ ಅಲ್ಲ, ಆ ವಿಶ್ವವಿದ್ಯಾಲಯದ ಆ ಕೋರ್ಸಿಗೆ. ಮಂಜೂರಾತಿ ಪತ್ರದಲ್ಲಿ ಎರಡರ ಹೆಸರೂ ಇರುತ್ತದೆ. ವಿಶ್ವವಿದ್ಯಾಲಯ ಬದಲಾದರೆ ಹೊಸ ಆಫರ್ ಪತ್ರ, ಹೊಸ ಖರ್ಚಿನ ಅಂದಾಜು ಕೊಟ್ಟು ಮತ್ತೆ ಮಂಜೂರು ಮಾಡಿಸಬೇಕು. ಮನೆ ಅಥವಾ ಸೈಟು ಅಡ ಇಟ್ಟಿದ್ದರೆ ವಕೀಲರ ಅಭಿಪ್ರಾಯ, ಎಂಜಿನಿಯರ್ ಹಾಕಿದ ಬೆಲೆ ಮತ್ತೆ ಬಳಸಬಹುದಾ ಅಂತ ಮ್ಯಾನೇಜರನ್ನು ಕೇಳಿ. ಇದೆಲ್ಲ ಮುಗಿಯಲು ವಾರಗಳೇ ಹಿಡಿಯಬಹುದು. ಸಾಲದ ಪತ್ರ ಇಲ್ಲದೆ, ವೀಸಾಗೆಂದು ವಿಶ್ವವಿದ್ಯಾಲಯ ಕೊಡುವ ಐ-20 ಫಾರ್ಮ್ ಸಿಗುವುದು ಕಷ್ಟ. ಐ-20 ಇಲ್ಲದೆ ವೀಸಾ ಸಂದರ್ಶನ ಇಲ್ಲ. ಹಾಗಾಗಿ ಮನಸ್ಸು ಬದಲಾದ ದಿನವೇ ಬ್ಯಾಂಕಿಗೂ ಹೋಗಿ. ವಿದ್ಯಾರ್ಥಿವೇತನ ಇದ್ದರೆ ಇನ್ನೂ ಹುಷಾರಾಗಿರಬೇಕು. ಸರ್ಕಾರದ ಹೊರದೇಶದ ವಿದ್ಯಾರ್ಥಿವೇತನವನ್ನು ಒಂದು ನಿಗದಿತ ವಿಶ್ವವಿದ್ಯಾಲಯ, ಕೋರ್ಸಿಗೆಂದು ಕೊಟ್ಟಿದ್ದರೆ, ಇಲಾಖೆಯ ಉತ್ತರ ಬರಹದಲ್ಲಿ ಬರುವವರೆಗೆ ಹಳೆಯ ಸೀಟನ್ನು ಬಿಡಲೇಬೇಡಿ.

ವೀಸಾ ಎಂಬ ಗಂಟು

ಮನಸ್ಸು ಬದಲಾಯಿಸಿದವರು ಜಾಸ್ತಿ ಪೇಚಿಗೆ ಸಿಕ್ಕಿಕೊಳ್ಳುವುದು ಇಲ್ಲೇ. ನಿಧಾನವಾಗಿ ಬಿಡಿಸೋಣ.

ನೀವು ಒಪ್ಪಿಕೊಂಡು ಹಣಕಾಸಿನ ಕಾಗದ ಕೊಟ್ಟ ಮೇಲೆ ವಿಶ್ವವಿದ್ಯಾಲಯ ಐ-20 ಎಂಬ ಫಾರ್ಮ್ ಕಳಿಸುತ್ತದೆ. ಅದರ ಮೇಲೆ ಒಂದು ಸೇವಿಸ್ ಸಂಖ್ಯೆ ಇರುತ್ತದೆ, ಎನ್ ಅಕ್ಷರದಿಂದ ಶುರುವಾಗುತ್ತದೆ. ಸೇವಿಸ್ ಅಂದರೆ ಹೊರದೇಶದ ವಿದ್ಯಾರ್ಥಿಗಳ ಲೆಕ್ಕ ಇಡಲು ಅಮೆರಿಕ ಸರ್ಕಾರ ಇಟ್ಟುಕೊಂಡಿರುವ ಕಡತ. ಆ ಸಂಖ್ಯೆಯ ಮೇಲೆ ನೀವು 350 ಡಾಲರ್ ಶುಲ್ಕ ಕಟ್ಟುತ್ತೀರಿ. ಆಮೇಲೆ ಡಿಎಸ್-160 ಎಂಬ ವೀಸಾ ಅರ್ಜಿಯ ಫಾರ್ಮ್ ತುಂಬಿ, 185 ಡಾಲರ್ ವೀಸಾ ಶುಲ್ಕ ಕಟ್ಟಿ, ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಸಂದರ್ಶನಕ್ಕೆ ಸ್ಲಾಟ್ ಹುಡುಕುತ್ತೀರಿ. ಈ ಸರಪಳಿಯಲ್ಲಿ ನೀವು ಎಲ್ಲಿದ್ದೀರಿ ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ.

ಐ-20 ಬಂದಿದೆ, ಹಣ ಕಟ್ಟಿಲ್ಲ ಅಂದರೆ ತಲೆನೋವಿಲ್ಲ. ಒಬ್ಬ ವಿದ್ಯಾರ್ಥಿಯ ಹತ್ತಿರ ಎರಡು ಮೂರು ಐ-20 ಇರುವುದು ತಪ್ಪಲ್ಲ. ಯಾವ ಕಡೆ ಹೋಗುತ್ತೀರೋ ಅದಕ್ಕೆ ಮಾತ್ರ ಸೇವಿಸ್ ಶುಲ್ಕ ಕಟ್ಟಿ, ಅದನ್ನೇ ಸಂದರ್ಶನಕ್ಕೆ ಒಯ್ಯಿರಿ. ಉಳಿದವರಿಗೆ ಬರುವುದಿಲ್ಲ ಅಂತ ತಿಳಿಸಿ. ಅವರು ತಮ್ಮ ಕಡೆಯ ದಾಖಲೆ ರದ್ದು ಮಾಡುತ್ತಾರೆ.

ಶುಲ್ಕ ಕಟ್ಟಿದ್ದೀರಿ, ಸಂದರ್ಶನ ಇನ್ನೂ ಆಗಿಲ್ಲ ಅಂದರೂ ಹಣ ಮುಳುಗುವುದಿಲ್ಲ. ಆ 350 ಡಾಲರನ್ನು ಹೊಸ ಸೇವಿಸ್ ಸಂಖ್ಯೆಗೆ ಜೋಡಿಸಲು ಕೇಳಬಹುದು. ಹಣ ಕಟ್ಟಿದ ಜಾಲತಾಣದಲ್ಲೇ ಅದಕ್ಕೆ ದಾರಿ ಇದೆ. ಜೊತೆಗೆ ಡಿಎಸ್-160ರಲ್ಲಿ ಹೊಸ ವಿಶ್ವವಿದ್ಯಾಲಯದ ಹೆಸರು, ಹೊಸ ಸೇವಿಸ್ ಸಂಖ್ಯೆ ಬರಬೇಕು. ಹೊಸ ಡಿಎಸ್-160 ತುಂಬಿದರೆ ಅದರ ಸಂಖ್ಯೆಯನ್ನು ನಿಮ್ಮ ಸ್ಲಾಟಿಗೂ ಜೋಡಿಸಬೇಕು. ಇದನ್ನು ಸಂದರ್ಶನದ ಹಿಂದಿನ ರಾತ್ರಿ ಮಾಡಬೇಡಿ. ಇನ್ನೊಂದು ಮಾತು. ಕಿಟಕಿಯಲ್ಲಿ "ಈ ವಿಶ್ವವಿದ್ಯಾಲಯವೇ ಯಾಕೆ?" ಅಂತ ಕೇಳುವ ಸಾಧ್ಯತೆ ಇದ್ದೇ ಇದೆ. ಹಳೆಯ ಕಡೆಗೆ ತಯಾರಿ ಮಾಡಿಕೊಂಡ ಉತ್ತರ ಹೊಸ ಕಡೆಗೆ ಹೊಂದುವುದಿಲ್ಲ. ಯಾಕೆ ಬದಲಾಯಿಸಿದಿರಿ ಅಂತ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ವೀಸಾ ಆಗಿಹೋಗಿದೆ, ಪಾಸ್‌ಪೋರ್ಟ್ ಮೇಲೆ ಹಳೆಯ ವಿಶ್ವವಿದ್ಯಾಲಯದ ಹೆಸರು ಬಿದ್ದಿದೆ ಅಂದರೆ ಮಾತ್ರ ನಿಜವಾದ ಕಷ್ಟ. ಮೊದಲ ಸಲ ಅಮೆರಿಕ ಪ್ರವೇಶಿಸುವಾಗ ವೀಸಾದ ಮೇಲಿನ ಹೆಸರು, ಕೈಯಲ್ಲಿರುವ ಐ-20, ನೀವು ನಿಜಕ್ಕೂ ಹೋಗುತ್ತಿರುವ ಜಾಗ ಮೂರೂ ಒಂದೇ ಇರಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ಹೊಸ ಐ-20 ತೆಗೆದುಕೊಂಡು ಮತ್ತೆ ವೀಸಾಗೆ ಅರ್ಜಿ ಹಾಕುವುದೇ ಸುರಕ್ಷಿತ. ಮತ್ತೆ 185 ಡಾಲರ್, ಮತ್ತೆ ಸ್ಲಾಟ್ ಹುಡುಕಾಟ. ಜೂನ್, ಜುಲೈನಲ್ಲಿ ಸ್ಲಾಟ್ ಸಿಗುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು.

"ಹಳೇ ವೀಸಾದಲ್ಲೇ ಹೋಗಿ ಇಳಿದುಬಿಡು, ಆಮೇಲೆ ಟ್ರಾನ್ಸ್‌ಫರ್ ಮಾಡಿಸಿಕೊಂಡರಾಯ್ತು" ಅನ್ನುವ ಸಲಹೆ ಇಲ್ಲಿ ಧಾರಾಳವಾಗಿ ಸಿಗುತ್ತದೆ. ಟ್ರಾನ್ಸ್‌ಫರ್ ಅನ್ನುವುದು ಇದೆ, ನಿಜ. ಅಲ್ಲಿಗೆ ಹೋಗಿ ಓದಲು ಶುರು ಮಾಡಿ ಆಮೇಲೆ ಬೇರೆ ಕಡೆ ಹೋಗುವವರಿಗೆ ಅದು ಸರಿಯಾದ ದಾರಿ. ಆದರೆ ವಿಮಾನ ಹತ್ತುವಾಗಲೇ ಅಲ್ಲಿಗೆ ಸೇರುವ ಮನಸ್ಸಿಲ್ಲ ಅಂದಮೇಲೆ, ಎಲ್ಲಿಗೆ ಹೋಗುತ್ತಿದ್ದೀಯ ಎಂದು ವಲಸೆ ಅಧಿಕಾರಿ ಕೇಳಿದಾಗ ಏನು ಹೇಳುತ್ತೀರಿ? ಸುಳ್ಳು ಹೇಳಿದ್ದು ಒಮ್ಮೆ ದಾಖಲಾದರೆ ಮುಂದೆ ಯಾವ ವೀಸಾಗೂ ಅಡ್ಡ ಬರಬಹುದು. ಒಂದು ಸೆಮಿಸ್ಟರ್ ಉಳಿಸಲು ಇಡೀ ಜೀವಮಾನದ ದಾರಿ ಮುಚ್ಚಿಕೊಳ್ಳಬೇಡಿ. ಇಂಥ ಹೊತ್ತಲ್ಲಿ ಕನ್ಸಲ್ಟೆನ್ಸಿಯವರನ್ನಲ್ಲ, ಹೊಸ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿ. ಅಲ್ಲಿ ಈ ಕೆಲಸಕ್ಕೆಂದೇ ನೇಮಿಸಿದ ಅಧಿಕಾರಿಗಳು ಇರುತ್ತಾರೆ. ಅವರಿಗೆ ಇದು ದಿನನಿತ್ಯದ ವಿಷಯ.

ಹೋಗುವುದು ಖಂಡಿತ, ಈ ವರ್ಷ ಆಗುವುದಿಲ್ಲ ಅನ್ನುವವರು ಸೀಟು ಬಿಡುವ ಮುಂಚೆ ಮುಂದಕ್ಕೆ ಹಾಕಲು ಆಗುತ್ತದಾ ಅಂತ ಕೇಳಬಹುದು. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಕೊಡುವ ವಿಶ್ವವಿದ್ಯಾಲಯಗಳಿವೆ. ಸೀಟು ಉಳಿದರೂ ಸ್ಕಾಲರ್‌ಶಿಪ್ ಉಳಿಯುತ್ತದೆ ಅಂತ ಇಲ್ಲ, ಅದನ್ನು ಬೇರೆಯಾಗಿ ಕೇಳಿ.

ಬೇರೆ ದೇಶಗಳ ಬಗ್ಗೆ ಎರಡೇ ಮಾತು. ಬ್ರಿಟನ್ನಿನಲ್ಲಿ ಐ-20 ಜಾಗದಲ್ಲಿ ಸಿಎಎಸ್ ಇರುತ್ತದೆ, ವಿದ್ಯಾರ್ಥಿ ವೀಸಾ ಆ ಒಂದು ವಿಶ್ವವಿದ್ಯಾಲಯಕ್ಕೇ ಅಂಟಿಕೊಂಡಿರುತ್ತದೆ. ಕೆನಡಾದಲ್ಲಿ ಮುಂಚೆ ಕಾಲೇಜು ಬದಲಾಯಿಸಿದರೆ ಆನ್‌ಲೈನಿನಲ್ಲಿ ತಿಳಿಸಿದರೆ ಸಾಕಿತ್ತು. 2024ರ ನವೆಂಬರ್ 8ರಿಂದ ಹೊಸ ಸ್ಟಡಿ ಪರ್ಮಿಟ್‌ಗೇ ಅರ್ಜಿ ಹಾಕಬೇಕು.

ಇಲ್ಲೇ ಓದುವವರಿಗೆ

ಎಂಟೆಕ್‌ಗೆ ಗೇಟ್ ಬರೆದವರದ್ದು ಬೇರೆ ಕಥೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ತಮ್ಮ ಆಫರ್‌ಗಳನ್ನು ಕೋಆಪ್ ಎಂಬ ಒಂದೇ ಪೋರ್ಟಲ್ ಮೂಲಕ ಕೊಡುತ್ತವೆ. ಅಲ್ಲಿ ಮೂರು ಬಟನ್. ಅಕ್ಸೆಪ್ಟ್ ಅಂಡ್ ಫ್ರೀಜ್, ರಿಟೇನ್ ಅಂಡ್ ವೇಟ್, ರಿಜೆಕ್ಟ್ ಅಂಡ್ ವೇಟ್. ಕೆಇಎಯ ಚಾಯ್ಸ್ 1, 2, 3 ಇದ್ದ ಹಾಗೆಯೇ. ಫ್ರೀಜ್ ಒತ್ತಿದರೆ ಮುಂದಿನ ಸುತ್ತುಗಳಿಂದ ಹೊರಗೆ. ಅಲ್ಲಿ ಮನಸ್ಸು ಬದಲಾಯಿಸುವ ಜಾಗವೇ ಇಲ್ಲ. ಸ್ನೇಹಿತರು ಒತ್ತಿದರು ಅಂತ ಒತ್ತಬೇಡಿ. ಸ್ವಲ್ಪವಾದರೂ ಅನುಮಾನ ಇದ್ದರೆ ರಿಟೇನ್ ಇದೆಯಲ್ಲ.

ವಿಶ್ವವಿದ್ಯಾಲಯಕ್ಕೆ ಸೇರಿ, ಶುಲ್ಕ ಕಟ್ಟಿ, ಆಮೇಲೆ ಬಿಡುವವರಿಗೆ ಯುಜಿಸಿಯ ನಿಯಮ ನೆರವಿಗಿದೆ. 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಅದರಲ್ಲಿ ಸಣ್ಣದೊಂದು ಸಂಸ್ಕರಣಾ ಶುಲ್ಕ ಮುರಿದುಕೊಳ್ಳಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದಾಗ ಬಿಟ್ಟರೆ ಶೇ 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 15ರಿಂದ 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಈಚಿನ ವರ್ಷಗಳಲ್ಲಿ ಇನ್ನೂ ಉದಾರವಾಗಿದೆ. 2024-25ನೇ ಸಾಲಿಗೆ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಹಣ ಕೊಡಬೇಕು ಅಂತ ಹೇಳಿತ್ತು. ಪ್ರತಿ ವರ್ಷದ ಸೂಚನೆಯನ್ನು ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಮೂಲ ಅಂಕಪಟ್ಟಿ, ಟಿಸಿಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ದುಡ್ಡು ಕಟ್ಟಿದರೆ ಮಾತ್ರ ಕೊಡುತ್ತೇವೆ ಅಂದರೆ ಆ 2018ರ ಸೂಚನೆಯ ಪ್ರತಿ ತೆಗೆದುಕೊಂಡು ಹೋಗಿ ತೋರಿಸಿ.

ಪತ್ರ ಬರೆಯುವುದು ಹೇಗೆ

ಆ ಹುಡುಗಿ ಒಂದು ಪುಟ ಬರೆದು ನನಗೆ ಕಳಿಸಿದ್ದಳು. ಅದರಲ್ಲಿ ಆರು ಸಲ ಕ್ಷಮಿಸಿ ಅಂತ ಇತ್ತು. ಮನೆಯ ಪರಿಸ್ಥಿತಿ, ಹವಾಮಾನ, ಚಿಕ್ಕಪ್ಪ ಇರುವ ಊರು ಎಲ್ಲ ಇತ್ತು. ಇಷ್ಟು ಬೇಡಮ್ಮ ಅಂದೆ. ಅವರಿಗೆ ಬೇಕಾಗಿರುವುದು ಒಂದೇ, ಸೀಟು ಖಾಲಿಯಾಯಿತಾ ಇಲ್ಲವಾ. ಅದು ಮೊದಲ ಸಾಲಿನಲ್ಲೇ ಇರಲಿ. ಕೊನೆಗೆ ಅವಳ ಪತ್ರ ಹೀಗಾಯಿತು, ಅವಳು ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇದು:

"ನಿಮ್ಮ ವಿಭಾಗದ ಪಿಎಚ್‌ಡಿ ಆಫರನ್ನು ನಾನು ಮಾರ್ಚ್‌ನಲ್ಲಿ ಒಪ್ಪಿಕೊಂಡಿದ್ದೆ. ಆ ಒಪ್ಪಿಗೆಯನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ. ನನ್ನ ಸಂಶೋಧನೆಯ ವಿಷಯಕ್ಕೆ ಇನ್ನೂ ಹತ್ತಿರವಾದ ಒಂದು ಗುಂಪಿಗೆ ಸೇರಲು ನಿರ್ಧರಿಸಿದ್ದೇನೆ. ನನಗಾಗಿ ನೀವು ಕೊಟ್ಟ ಸಮಯಕ್ಕೆ ಕೃತಜ್ಞತೆಗಳು, ನಿಮಗೆ ಆದ ತೊಂದರೆಗೆ ಕ್ಷಮೆ ಇರಲಿ. ದಯವಿಟ್ಟು ಈ ಪತ್ರ ತಲುಪಿದ್ದನ್ನು ತಿಳಿಸಿ."

ಕೊನೆಯ ಸಾಲು ಬಹಳ ಮುಖ್ಯ. ತಲುಪಿದೆ ಅನ್ನುವ ಉತ್ತರ ನಿಮ್ಮ ಹತ್ತಿರ ಇರಬೇಕು. ಪತ್ರ ಹೋಗಬೇಕಾದ್ದು ಪ್ರವೇಶದ ನಿರ್ದೇಶಕರಿಗೆ, ಪ್ರತಿ ಪ್ರವೇಶ ಕಚೇರಿಗೆ. ಅರ್ಜಿ ಹಾಕಿದ ಪೋರ್ಟಲ್‌ನಲ್ಲಿ ಹಿಂತೆಗೆದುಕೊಳ್ಳುವ ಬಟನ್ ಇದ್ದರೆ ಅದನ್ನೂ ಒತ್ತಬೇಕು. ಐ-20 ಬಂದಿದ್ದರೆ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೂ ಒಂದು ಪ್ರತಿ.

ನಿಮ್ಮನ್ನು ತಮ್ಮ ಲ್ಯಾಬಿಗೆ ಕರೆದಿದ್ದ ಪ್ರೊಫೆಸರ್‌ಗೆ ಬರೀ ಒಂದು ಪ್ರತಿ ಕಳಿಸಿ ಸುಮ್ಮನಾಗಬೇಡಿ. ಅವರಿಗೆ ಬೇರೆಯಾಗಿ, ನೀವೇ ಬರೆಯಿರಿ. ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಿಮ್ಮಿಂದ ಗೊತ್ತಾಗುವುದು ಅವರಿಗೂ ಒಳ್ಳೆಯದು. ಒಂದೊಂದು ಸಂಶೋಧನಾ ವಿಷಯದಲ್ಲಿ ಇರುವವರು ಸ್ವಲ್ಪವೇ ಜನ. ನಾಲ್ಕು ವರ್ಷದ ನಂತರ ಯಾವುದೋ ಸಮ್ಮೇಳನದಲ್ಲಿ ನಿಮ್ಮ ಪೋಸ್ಟರ್ ಮುಂದೆ ಅವರೇ ಬಂದು ನಿಲ್ಲಬಹುದು. ನಿಮ್ಮ ಪ್ರಬಂಧವನ್ನು ಪರಿಶೀಲಿಸುವವರೂ ಅವರೇ ಆಗಬಹುದು. ಏಪ್ರಿಲ್‌ನಲ್ಲಿ ನಾಲ್ಕು ಸಾಲು ಬರೆದವರನ್ನು ಯಾರೂ ದೂರುವುದಿಲ್ಲ. ಹೇಳದೇ ಕೇಳದೇ ಮಾಯವಾದವರ ಹೆಸರು ನೆನಪಿನಲ್ಲಿ ಉಳಿಯುತ್ತದೆ.

ಅವಳು ರಾತ್ರಿ ಹನ್ನೊಂದಕ್ಕೆ ಕಳಿಸಿದಳು. ಅಲ್ಲಿ ಮಧ್ಯಾಹ್ನ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಎರಡೂ ಉತ್ತರ ಬಂದಿದ್ದವು. ನಿರ್ದೇಶಕರದ್ದು ಎರಡು ಸಾಲು. ಬೇಗ ತಿಳಿಸಿದ್ದಕ್ಕೆ ಧನ್ಯವಾದ, ವೇಟಿಂಗ್ ಲಿಸ್ಟಿನವರಿಗೆ ಇವತ್ತೇ ಬರೆಯುತ್ತೇವೆ ಅಂತ. ಪ್ರೊಫೆಸರ್‌ದು ಸ್ವಲ್ಪ ಉದ್ದ ಇತ್ತು. ಬೇಸರವಾಗಿದೆ, ಆದರೆ ನೀನು ಸೇರುತ್ತಿರುವ ಗುಂಪು ಒಳ್ಳೆಯದು, ಅಲ್ಲಿ ಇಂಥವರನ್ನು ಮಾತಾಡಿಸು ಎಂದು ಒಂದು ಹೆಸರು ಕೊಟ್ಟಿದ್ದರು. ಅವಳ ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡರಂತೆ.

ಇನ್ನು ನಮ್ಮ ಪಾಲಿನ ಒಂದು ಕೋರಿಕೆ. ಶಿಫಾರಸು ಪತ್ರ ಬರೆದ ಮೇಷ್ಟ್ರಿಗೂ ಒಂದು ಮೆಸೇಜ್ ಹಾಕಿ. ನೀವು ಬಿಟ್ಟ ವಿಶ್ವವಿದ್ಯಾಲಯಕ್ಕೆ ಮುಂದಿನ ಡಿಸೆಂಬರ್‌ನಲ್ಲಿ ನಿಮ್ಮ ಜೂನಿಯರ್ ಅರ್ಜಿ ಹಾಕುತ್ತಾಳೆ. ಅವಳಿಗೂ ಅದೇ ಜನಕ್ಕೆ ಪತ್ರ ಬರೆಯಬೇಕಾದವರು ನಾವು. ನೀವು ಎಲ್ಲಿ ಸೇರಿದಿರಿ, ಅಲ್ಲಿಯವರಿಗೆ ಏನು ಹೇಳಿ ಬಂದಿರಿ ಅನ್ನುವುದು ಗೊತ್ತಿದ್ದರೆ ನಮ್ಮ ಪೆನ್ನು ಸರಾಗವಾಗಿ ಓಡುತ್ತದೆ.